ಜಿಟಿ 710, ಮಿಂಟ್ 22: ಕರೆಂಟ್ ಹೋಗಿ ಬಂದ್ಮೇಲೆ ಗ್ರಾಫಿಕ್ಸ್ ಡ್ರೈವರ್ ಏಳ್ತಾನೇ ಇಲ್ಲ

ಗುಬ್ಬಿಗೇಟ್_ಗ್ರಬ್ · ಬೆಳಿಗ್ಗೆ 9:40
ತುಮಕೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡೋ ಅಂಗಡಿಯ ಮೆಷಿನ್. ಐ3-10100ಎಫ್, ಎಚ್510 ಬೋರ್ಡ್, 16 ಜಿಬಿ ರ‍್ಯಾಮ್, ಎನ್ವಿಡಿಯಾ ಜಿಟಿ 710 2 ಜಿಬಿ ಗ್ರಾಫಿಕ್ಸ್ ಕಾರ್ಡ್, ಲಿನಕ್ಸ್ ಮಿಂಟ್ 22, ಸಿನಮನ್ ಡೆಸ್ಕ್‌ಟಾಪ್.
ಅಪ್‌ಡೇಟ್ ಮ್ಯಾನೇಜರ್‌ನಲ್ಲಿ 6.14 ಕರ್ನಲ್ (ಲಿನಕ್ಸ್‌ನ ತಿರುಳು) ಹಾಕ್ತಾ ಇದ್ದಾಗ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಎರಡು ನಿಮಿಷವೂ ನಿಲ್ಲಲಿಲ್ಲ. ಆಮೇಲಿಂದ ಸ್ಕ್ರೀನ್ 1024x768ಕ್ಕೆ ಇಳಿದಿದೆ. ಲಾಗಿನ್ ಆದ ತಕ್ಷಣ 'ಹಾರ್ಡ್‌ವೇರ್ ಆಕ್ಸಲರೇಷನ್ ಇಲ್ಲದೆ ಓಡ್ತಿದೆ' ಅಂತ ಸಿನಮನ್ ಎಚ್ಚರಿಕೆ ಕೊಡುತ್ತೆ. ಕಾರ್ಡಿನ ಸ್ಥಿತಿ ತೋರಿಸೋ ಎನ್ವಿಡಿಯಾ-ಎಸ್‌ಎಂಐ ಆದೇಶ ಕೊಟ್ರೆ ಡ್ರೈವರ್ ಜೊತೆ ಮಾತಾಡೋಕೆ ಆಗ್ತಿಲ್ಲ ಅನ್ನುತ್ತೆ. ಯೂಟ್ಯೂಬ್ 1080ಪಿ ಹಾಕಿದ್ರೆ ಸಿಪಿಯು 90 ದಾಟುತ್ತೆ, ಎಡಿಟ್ ಮಾಡೋ ಕೆಡೆನ್‌ಲೈವ್ ಬಗ್ಗೆ ಕೇಳಲೇಬೇಡಿ.
ಡ್ರೈವರ್ ಮ್ಯಾನೇಜರ್‌ನಲ್ಲಿ ಎನ್ವಿಡಿಯಾ ಡ್ರೈವರ್ 470 ಟಿಕ್ ಆಗೇ ಇದೆ. ತೆಗೆದು ಮೂರು ಸಲ ಹಾಕಿದ್ದಾಯ್ತು. ಕಾರ್ಡ್ ಸತ್ತಿದೆಯಾ? ಇನ್ನೊಂದು, ಇದಕ್ಕೆ ಸಂಬಂಧ ಇದೆಯೋ ಇಲ್ವೋ: ಬೂಟ್ ಆದಾಗ ಗಡಿಯಾರ ಯಾವುದೋ ಹಳೇ ವರ್ಷ ತೋರಿಸಿ, ನೆಟ್ ಬಂದ ಮೇಲೆ ಸರಿಹೋಗುತ್ತೆ.

ಶಿರಾ_ಸುಡೊ · 9:52
ಎನ್ವಿಡಿಯಾ ಸೈಟಿಂದ ನೇರ ಡಾಟ್ ರನ್ ಫೈಲ್ ಇಳಿಸಿ ಹಾಕಿ. ಐದು ನಿಮಿಷದ ಕೆಲಸ.

ತಿಪಟೂರು_ಟಕ್ಸ್ · 9:55
ದಯವಿಟ್ಟು ಹಾಕ್ಬೇಡಿ. ಡಾಟ್ ರನ್ ಫೈಲ್ ಲೈಬ್ರರಿಗಳನ್ನ ಆಪ್ಟ್‌ಗೆ (ಪ್ಯಾಕೇಜ್ ಹಾಕೋ, ತೆಗೆಯೋ ಸಾಧನ) ಗೊತ್ತಿಲ್ದಂಗೆ ತಂದು ಸುರಿಯುತ್ತೆ. ಮುಂದಿನ ಸಲ ಆಪ್ಟ್ ತನ್ನ 470 ಪ್ಯಾಕೇಜ್ ಮುಟ್ಟಿದಾಗ ಕರ್ನಲ್ ಮಾಡ್ಯೂಲ್ (ಡ್ರೈವರಿನ ಕರ್ನಲ್ ಒಳಗಿನ ಭಾಗ) ಒಂದು ಆವೃತ್ತಿ, ಲೈಬ್ರರಿ ಇನ್ನೊಂದು ಆವೃತ್ತಿ ಆಗಿ ಕೂರುತ್ತೆ. ಆಗ ಬರೋ ದೋಷ 'ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್'. ಅದೂ ಅಲ್ದೆ ಅಲ್ಲಿ ಸಿಗೋ ಮೂಲ 470ಕ್ಕೆ ಹೊಸ ಕರ್ನಲ್‌ಗಳ ಪ್ಯಾಚ್ ಇರಲ್ಲ, ಉಬುಂಟು ತನ್ನ ಪ್ಯಾಕೇಜಿಗೆ ಹಾಕ್ಕೊಂಡಿರುತ್ತೆ. ಯಾರಾದ್ರೂ ಈಗಾಗ್ಲೇ ರನ್ ಫೈಲ್ ಹಾಕಿದ್ರೆ ಮೊದಲು 'ಸುಡೊ ಎನ್ವಿಡಿಯಾ-ಅನ್‌ಇನ್‌ಸ್ಟಾಲ್' ಓಡಿಸಿ, ಆಮೇಲೆ ಉಳಿದ ಮಾತು.

ಕೋಲಾರದ_ಕರ್ನಲ್ · 10:04
ಕಾರ್ಡ್ ಸತ್ತಿಲ್ಲ. ಸತ್ತಿದ್ರೆ ಎಫ್ ಪ್ರೊಸೆಸರ್ ಮೇಲೆ 1024x768 ಕೂಡ ಕಾಣ್ತಿರಲಿಲ್ಲ, ಅದರೊಳಗೆ ಗ್ರಾಫಿಕ್ಸೇ ಇಲ್ಲ. ಬೂಟ್ ಹೊತ್ತಲ್ಲಿ ಯುಇಎಫ್‌ಐ (ಬೋರ್ಡಿನ ಬಯಾಸ್) ಕೊಟ್ಟ ಬರೀ ಫ್ರೇಂಬಫರ್ (ಆಕ್ಸಲರೇಷನ್ ಇಲ್ಲದ ಸಾದಾ ಚಿತ್ರ) ಮೇಲೆ ನೀವೀಗ ಓಡ್ತಾ ಇದೀರ, ಅಷ್ಟೇ. ಕರ್ನಲ್ ಜೊತೆಗೇ ಬರೋ ಓಪನ್ ಸೋರ್ಸ್ ಡ್ರೈವರ್ ನೂವೋ ಯಾಕೆ ಬರಲಿಲ್ಲ ಅಂದ್ರೆ, ಎನ್ವಿಡಿಯಾ ಪ್ಯಾಕೇಜ್ ಹಾಕುವಾಗಲೇ ಅದನ್ನ ಬ್ಲ್ಯಾಕ್‌ಲಿಸ್ಟ್ ಮಾಡಿಬಿಡುತ್ತೆ. ಸೊಸೆ ಬಂದ್ಲು ಅಂತ ಅಡುಗೆಯವಳನ್ನ ಬಿಡಿಸಿ, ಸೊಸೆ ತವರಿಗೆ ಹೋದಂಗೆ.
ಮತ್ತೆ ಹಾಕೋ ಮುಂಚೆ ಈಗ ಪರದೆ ಮೇಲೆ ಬರೀತಿರೋರು ಯಾರು ಅಂತ ನೋಡಿ. ಈ ನಾಲ್ಕರ ಉತ್ತರ ಇಲ್ಲಿ ಹಾಕಿ:
ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ
ಯುನೇಮ್ -ಆರ್
ಡಿಕೆಎಂಎಸ್ ಸ್ಟೇಟಸ್
ಜಿಎಲ್‌ಎಕ್ಸ್‌ಇನ್ಫೊ -ಬಿ
ಮೊದಲನೇದರಲ್ಲಿ ವಿಜಿಎ ಅನ್ನೋ ಸಾಲು, ಅದರ ಕೆಳಗಿನ ಮೂರು ಸಾಲು ಸಾಕು. ಕೊನೇದು ಮೆಸಾ-ಯುಟಿಲ್ಸ್ ಪ್ಯಾಕೇಜಲ್ಲಿದೆ, ಅದರ ಬಿ ದೊಡ್ಡಕ್ಷರ.

ನಿರ್ವಾಹಕ · 10:06
ಹೊಸಬರಿಗೆ: ಇಲ್ಲಿ ಆದೇಶಗಳೂ ಕನ್ನಡ ಲಿಪೀಲೇ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ. ಹೈಫನ್ ಒಂದಿದ್ರೆ ಒಂದು, ಎರಡಿದ್ರೆ ಎರಡು.

ಮಾಲೂರು_ಹೆಂಚು · 10:11
ಗ್ರಬ್‌ನಲ್ಲಿ (ಬೂಟ್ ಮೆನು) ನೋಮೋಡ್‌ಸೆಟ್ ಹಾಕಿದ್ರೆ ಸರಿ ಆಗಲ್ವಾ? ಎಲ್ಲಾ ಕಡೆ ಅದನ್ನೇ ಹೇಳ್ತಾರೆ.

ತಿಪಟೂರು_ಟಕ್ಸ್ · 10:15
ಉಲ್ಟಾ. ನೋಮೋಡ್‌ಸೆಟ್ ಅಂದ್ರೆ 'ಕರ್ನಲ್ಲೇ, ಗ್ರಾಫಿಕ್ಸ್ ಡ್ರೈವರ್ ಮುಟ್ಟಬೇಡ' ಅಂತ. ಇನ್‌ಸ್ಟಾಲ್ ಮಾಡುವಾಗ ಕಪ್ಪು ಪರದೆ ದಾಟೋಕೆ ಮಾತ್ರ ಅದು. ಹಾಕಿ ಮರೆತವರ ಮೆಷಿನ್‌ನಲ್ಲಿ ಇಂಟೆಲ್, ಎಎಂಡಿ, ನೂವೋ ಮೂರೂ ಕೈಕಟ್ಟಿ ಕೂರುತ್ತವೆ, ವರ್ಷಗಟ್ಟಲೆ ಎಲ್ಎಲ್‌ವಿಎಂಪೈಪ್ (ಸಿಪಿಯುನಿಂದಲೇ ಚಿತ್ರ ಬರೆಸೋ ಸಾಫ್ಟ್‌ವೇರ್) ಮೇಲೆ ಓಡ್ತಿರುತ್ತೆ, 'ಲಿನಕ್ಸ್ ಸ್ಲೋ' ಅಂತ ಹೆಸರು ಬೇರೆ. ಇದೆಯಾ ಅಂತ ನೋಡೋಕೆ 'ಕ್ಯಾಟ್ /ಪ್ರೊಕ್/ಸಿಎಂಡಿಲೈನ್'. ಇದ್ರೆ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿಂದ ಅಳಿಸಿ 'ಸುಡೊ ಅಪ್‌ಡೇಟ್-ಗ್ರಬ್' ಕೊಡಿ.

ಗುಬ್ಬಿಗೇಟ್_ಗ್ರಬ್ · 10:31
ನೋಮೋಡ್‌ಸೆಟ್ ಇಲ್ಲ. ಉತ್ತರಗಳು:
ವಿಜಿಎ: ಜಿಕೆ208ಬಿ, ಜೀಫೋರ್ಸ್ ಜಿಟಿ 710, ಗುರುತು 10ಡಿಇ:128ಬಿ. ಕೆಳಗೆ 'ಕರ್ನಲ್ ಮಾಡ್ಯೂಲ್ಸ್: ಎನ್ವಿಡಿಯಾಎಫ್‌ಬಿ, ನೂವೋ'. 'ಡ್ರೈವರ್ ಇನ್ ಯೂಸ್' ಅನ್ನೋ ಸಾಲೇ ಇಲ್ಲ.
ಕರ್ನಲ್: 6.14
ಡಿಕೆಎಂಎಸ್: ಎನ್ವಿಡಿಯಾ 470.256.02, 6.8ಕ್ಕೆ ಇನ್‌ಸ್ಟಾಲ್ಡ್. 6.14ರ ಸಾಲು ಇಲ್ಲ.
ರೆಂಡರರ್: ಎಲ್ಎಲ್‌ವಿಎಂಪೈಪ್

ಕೋಲಾರದ_ಕರ್ನಲ್ · 10:40
ಅರ್ಧ ಉತ್ತರ ಇಲ್ಲೇ ಇದೆ. ಎಲ್ಎಲ್‌ವಿಎಂಪೈಪ್ ಅಂದ್ರೆ ಸಿಪಿಯುನೇ ಪ್ರತಿ ಪಿಕ್ಸೆಲ್ ಬರೀತಾ ಇದೆ. ಎನ್ವಿಡಿಯಾ ಮಾಡ್ಯೂಲ್ ಪ್ರತಿ ಕರ್ನಲ್‌ಗೂ ಬೇರೆಬೇರೆಯಾಗಿ ಕಟ್ಟಬೇಕು, ಆ ಕೆಲಸ ಡಿಕೆಎಂಎಸ್‌ದು. ಕಟ್ಟೋಕೆ ಆ ಕರ್ನಲ್‌ನ ಹೆಡರ್ ಪ್ಯಾಕೇಜ್ ಬೇಕು. ಕರೆಂಟ್ ಹೋದಾಗ 6.14ರ ಇಮೇಜ್ ಕೂತಿದೆ, ಹೆಡರ್ ಅರ್ಧಕ್ಕೆ ನಿಂತಿದೆ. ಡ್ರೈವರ್ ಪ್ಯಾಕೇಜ್ ಮಾತ್ರ 'ಇದೀನಿ' ಅಂತ ಟಿಕ್ ತೋರಿಸ್ತಾ ಇದೆ. ಆ ಟಿಕ್ಕಿಗೂ ಮಾಡ್ಯೂಲಿಗೂ ಸಂಬಂಧ ಇಲ್ಲ.
ಮೊದಲು ಮುರಿದ ಪ್ಯಾಕೇಜ್ ಸರಿ ಮಾಡಿ:
ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್
ಡಿಎಫ್ -ಎಚ್ /ಬೂಟ್
/ಬೂಟ್ ಬೇರೆ ಪಾರ್ಟಿಷನ್ ಆಗಿದ್ದು ತುಂಬಿಹೋಗಿದ್ರೆ ಇನಿಟ್‌ರ‍್ಯಾಂಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಫೈಲ್) ಅರ್ಧ ಬರೆದು ನಿಲ್ಲುತ್ತೆ, ಆಗ ಕರೆಂಟ್ ಬೈದು ಪ್ರಯೋಜನ ಇಲ್ಲ.
ಇದಾದ ಮೇಲೆ ರೀಬೂಟ್, ಗ್ರಬ್ ಮೆನು ಬರೋಕೆ ಎಸ್ಕೇಪ್, 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ 6.8 ಆರಿಸಿ. ಅದಕ್ಕೆ ಮಾಡ್ಯೂಲ್ ಈಗಾಗ್ಲೇ ಇದೆ.

ತಟ್ಟೆಇಡ್ಲಿ_ಟರ್ಮಿನಲ್ · 10:44
ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಟ್ಕೊಂಡಿರೋ ಜಿಲ್ಲೇಲಿ ಡಿಕೆಎಂಎಸ್ ಬಿಲ್ಡ್ ಮುಗಿಯೋವರೆಗೆ ಕರೆಂಟ್ ಇರಲ್ಲ.

ಶಿರಾ_ಸುಡೊ · 10:46
ಅದು ಗ್ರಿಡ್‌ಗೆ ಹೋಗೋದು ಗುರು, ಗುಬ್ಬಿ ಗೇಟ್‌ಗಲ್ಲ.

ಗೌರಿಬಿದನೂರು_ಗ್ನೂ · 10:58
ನನಗೆ 470 ಮೇಲೇ ಒಂದು ತಕರಾರಿದೆ. ಜಿಟಿ 710 ಕೆಪ್ಲರ್ ಪೀಳಿಗೆ. ಅದಕ್ಕೆ 470 ಕೊನೇ ಶಾಖೆ, 2024ಕ್ಕೆ ಎನ್ವಿಡಿಯಾ ಅದರ ಬೆಂಬಲ ಮುಗಿಸಿದೆ. ಇನ್ನು ಪ್ರತಿ ಹೊಸ ಕರ್ನಲ್‌ಗೂ ಬೇರೆ ಯಾರೋ ಪ್ಯಾಚ್ ಬರೀಬೇಕು. ವೇಲ್ಯಾಂಡ್ (ಎಕ್ಸ್ ಬದಲಿಗೆ ಬಂದ ಹೊಸ ಪರದೆ ವ್ಯವಸ್ಥೆ) ಕೂಡ ಇದರಲ್ಲಿ ಕಷ್ಟ, ಅದಕ್ಕೆ ಬೇಕಾದ ಜಿಬಿಎಂ ಬಂದಿದ್ದೇ 495ರಿಂದ. ಕೆಪ್ಲರ್‌ಗೆ ನೂವೋ ಚೆನ್ನಾಗಿ ಓಡುತ್ತೆ, ಕ್ಲಾಕ್ ಏರಿಸೋಕೂ ಬಿಡುತ್ತೆ. ಬೂಟ್ ಆದಾಗ ಕಾರ್ಡ್ ಕೆಳಗಿನ ಕ್ಲಾಕ್‌ನಲ್ಲೇ ಇರುತ್ತೆ. ರೂಟ್ ಆಗಿ /ಸಿಸ್/ಕರ್ನಲ್/ಡೀಬಗ್/ಡಿಆರ್‌ಐ/0/ಪಿಸ್ಟೇಟ್ ಫೈಲ್ ಓದಿ, ಪಟ್ಟಿಯಲ್ಲಿರೋ ಮೇಲಿನ ಹಂತದ ಹೆಸರನ್ನ, ಸಾಮಾನ್ಯವಾಗಿ 0ಎಫ್, ಅದೇ ಫೈಲಿಗೆ ಬರೀರಿ. ಪ್ರತಿ ಬೂಟ್‌ಗೂ ಮಾಡ್ಬೇಕು, ಸಿಸ್ಟಂಡಿ ಸರ್ವಿಸ್ ಒಂದು ಬರೆದಿಟ್ರೆ ಆಯ್ತು.

ತಿಪಟೂರು_ಟಕ್ಸ್ · 11:03
ಡೆಸ್ಕ್‌ಟಾಪ್ ಎಳೆಯೋಕೆ ನೂವೋ ಸರಿ. ಎಡಿಟಿಂಗ್ ಅಂಗಡಿಗೆ ಬೇಡ. ನೂವೋದಲ್ಲಿ ವಿಡಿಯೊ ಡಿಕೋಡ್ (ಒತ್ತಿಟ್ಟ ವಿಡಿಯೊ ಬಿಡಿಸೋದು) ಬೇಕಂದ್ರೆ ಎನ್ವಿಡಿಯಾ ಡ್ರೈವರ್ ಫೈಲಿಂದಲೇ ಫರ್ಮ್‌ವೇರ್ ಕಿತ್ತು ತಂದಿಡಬೇಕು. ಕುಡಾ (ಲೆಕ್ಕದ ಕೆಲಸ ಕಾರ್ಡ್ ಮೇಲೆ ಮಾಡಿಸೋ ಎನ್ವಿಡಿಯಾ ಸಾಧನ) ಇಲ್ಲ. ಕ್ಲಾಕ್ ಏರಿಸಿದಾಗ ಒಮ್ಮೊಮ್ಮೆ ಪರದೆ ಹೆಪ್ಪುಗಟ್ಟುತ್ತೆ. ಮುಹೂರ್ತದ ಕ್ಲಿಪ್ ರೆಂಡರ್ ಆಗ್ತಾ 97ಕ್ಕೆ ನಿಂತ್ರೆ ಮದುಮಗಳ ಅಪ್ಪನಿಗೆ ಯಾರು ಉತ್ತರ ಕೊಡೋದು?
ನನ್ನ ದಾರಿ: 6.8 ಕರ್ನಲ್ ಬಿಟ್ಟು ಕದಲಬೇಡಿ. ಮಿಂಟ್ 22ರ ಅಡಿಪಾಯ ಉಬುಂಟು 24.04, ಅದರ ಮೂಲ ಕರ್ನಲ್ 6.8. 2029ರವರೆಗೆ ಅದಕ್ಕೆ ಭದ್ರತಾ ತಿದ್ದುಪಡಿ ಬರುತ್ತೆ. ಹಳೇ ಕಾರ್ಡ್‌ಗೆ ಹೊಸ ಕರ್ನಲ್‌ನಿಂದ ಬರೋ ಲಾಭ ಸೊನ್ನೆ.

ಗೌರಿಬಿದನೂರು_ಗ್ನೂ · 11:05
2029ರವರೆಗೂ ಜಿಟಿ 710 ಇಟ್ಕೊಳ್ತಾರಾ? ಅದೇ ಅಸಲಿ ಸಮಸ್ಯೆ.

ಗುಬ್ಬಿಗೇಟ್_ಗ್ರಬ್ · 11:37
ಡಿಪಿಕೆಜಿ ಓಡಿತು, ಅರ್ಧ ನಿಂತಿದ್ದ ಐದು ಪ್ಯಾಕೇಜ್ ಕಾನ್ಫಿಗರ್ ಆದ್ವು. /ಬೂಟ್ ಬೇರೆ ಇಲ್ಲ, ಜಾಗ ಇದೆ. 6.8ರಲ್ಲಿ ಬೂಟ್ ಮಾಡಿದೆ. ಆದ್ರೂ 1024x768! ಡಿಕೆಎಂಎಸ್ 6.8ಕ್ಕೆ 'ಇನ್‌ಸ್ಟಾಲ್ಡ್' ಅಂತಾನೇ ಹೇಳುತ್ತೆ.
'ಸುಡೊ ಮಾಡ್‌ಪ್ರೋಬ್ ಎನ್ವಿಡಿಯಾ' ಕೊಟ್ರೆ: 'ಕುಡ್ ನಾಟ್ ಇನ್ಸರ್ಟ್ ಎನ್ವಿಡಿಯಾ: ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್'.

ಕೋಲಾರದ_ಕರ್ನಲ್ · 11:41
ಓಹೋ. ಹಾಗಾದ್ರೆ ಎರಡು ರೋಗ. ಇದು ಸೆಕ್ಯೂರ್ ಬೂಟ್, ಪರಿಚಯದ ಸಹಿ ಇಲ್ಲದ ಮಾಡ್ಯೂಲನ್ನ ಒಳಗೆ ಬಿಡದ ಕಾವಲು. 'ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್' ಏನನ್ನುತ್ತೆ?

ಗುಬ್ಬಿಗೇಟ್_ಗ್ರಬ್ · 11:43
'ಸೆಕ್ಯೂರ್‌ಬೂಟ್ ಎನೇಬಲ್ಡ್'. ಆದ್ರೆ ಇದನ್ನ ಮಿಂಟ್ ಹಾಕುವಾಗಲೇ ಬಯಾಸ್‌ನಲ್ಲಿ ಆಫ್ ಮಾಡಿತ್ತು. ಆಮೇಲೆ ಯಾರೂ ಮುಟ್ಟಿಲ್ಲ.

ಶಿಡ್ಲಘಟ್ಟ_ಗೂಡು · 11:50
ಅಣ್ಣೋ, ಮೊದಲ ಪೋಸ್ಟಲ್ಲೇ ಹೇಳಿದೀರಲ್ಲ, ಗಡಿಯಾರ ಹಿಂದೆ ಹೋಗುತ್ತೆ ಅಂತ! ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಮುಗಿದಿದೆ. ಗೋಡೆಯ ಸ್ವಿಚ್ ಆನ್ ಇರೋವರೆಗೆ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನ್ ಗಡಿಯಾರವನ್ನ ಸಾಕ್ತಾ ಇರುತ್ತೆ, ಸೆಲ್ ಸತ್ತಿರೋದು ಯಾರಿಗೂ ಗೊತ್ತಾಗಲ್ಲ. ಕರೆಂಟ್ ಪೂರ್ತಿ ಹೋದ ದಿನ ಸೆಲ್ ಒಂದೇ ಗತಿ. ಆರ್‌ಟಿಸಿ (ಬೋರ್ಡಿನ ಗಡಿಯಾರ) ಉಸಿರು ಬಿಟ್ಟಿದೆ ಅಂತ ತಿಳಿದ ಕೂಡಲೇ ಎಷ್ಟೋ ಬೋರ್ಡ್‌ಗಳು ಬಯಾಸನ್ನ ಡಿಫಾಲ್ಟ್‌ಗೆ ತಳ್ಳುತ್ತವೆ. ನಿಮ್ಮ ಬೋರ್ಡಿನ ಡಿಫಾಲ್ಟಲ್ಲಿ ಸೆಕ್ಯೂರ್ ಬೂಟ್ ಆನ್ ಇದೆ, ಮತ್ತೆ ಆನ್ ಆಗಿ ಕೂತಿದೆ.
ಮಲ್ಟಿಮೀಟರ್ ಇಟ್ಟು ನೋಡಿ. ಹೊಸ ಸೆಲ್ 3 ವೋಲ್ಟ್ ಅಥವಾ ಸ್ವಲ್ಪ ಮೇಲಿರುತ್ತೆ, 2.5ಕ್ಕಿಂತ ಕೆಳಗಿದ್ರೆ ಎಸೀರಿ. ಸೆಲ್ ತೆಗೆಯೋ ಮುಂಚೆ ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡೀರಿ. + ಗುರುತು ಮೇಲೆ.

ತಟ್ಟೆಇಡ್ಲಿ_ಟರ್ಮಿನಲ್ · 11:52
ಗ್ರಾಫಿಕ್ಸ್ ಡ್ರೈವರ್ ಹಾಳಾಗಿದ್ದಕ್ಕೆ ಗೋಡೆ ಗಡಿಯಾರದ ಅಂಗಡೀಲಿ ಔಷಧಿ.

ಮಾಲೂರು_ಹೆಂಚು · 11:54
ಸರಿ, ಸೆಕ್ಯೂರ್ ಬೂಟ್ ಆಫ್ ಮಾಡಿದ್ರೆ ಮುಗೀತಲ್ಲ.

ಕೋಲಾರದ_ಕರ್ನಲ್ · 12:08
ಮುಗೀಲಿಲ್ಲ. ಮುಂದೆ ಎಂದಾದ್ರೂ ಸೆಲ್ ಮತ್ತೆ ಮುಗಿದು ಡಿಫಾಲ್ಟ್‌ಗೆ ಹೋದ್ರೆ ಇದೇ ಕಥೆ. ಮೋಕ್ ಕೀ (ಈ ಸಹಿ ನಂಬು ಅಂತ ಮೆಷಿನ್ ಮಾಲೀಕರೇ ಕೊಡೋ ಕೀ) ನೋಂದಾಯಿಸಿದ್ರೆ ಅದು ಬೋರ್ಡಿನ ಫ್ಲ್ಯಾಷ್ ಚಿಪ್‌ನಲ್ಲಿ ಕೂರುತ್ತೆ, ಸೆಲ್ ಸತ್ತರೂ ಹೋಗಲ್ಲ. ಆಗ ಸೆಕ್ಯೂರ್ ಬೂಟ್ ಆನ್ ಇದ್ರೂ ಚಿಂತೆ ಇಲ್ಲ, ಆಫ್ ಇದ್ರೂ ಇಲ್ಲ. ಹತ್ತು ನಿಮಿಷದ ಕೆಲಸ:

ಮೊದಲು 'ಮಾಡ್‌ಇನ್ಫೊ ಎನ್ವಿಡಿಯಾ' ಕೊಟ್ಟು 'ಸೈನರ್' ಸಾಲು ನೋಡಿ. ಅಲ್ಲಿ ನಿಮ್ಮ ಮೆಷಿನ್ ಹೆಸರಿನ ಜೊತೆ 'ಸೆಕ್ಯೂರ್ ಬೂಟ್ ಮಾಡ್ಯೂಲ್ ಸಿಗ್ನೇಚರ್ ಕೀ' ಅಂತಿದ್ರೆ ಸಹಿ ಬಿದ್ದಿದೆ, ಬಯಾಸ್‌ಗೆ ಆ ಸಹಿಯ ಪರಿಚಯ ಇಲ್ಲ, ಅಷ್ಟೇ. ಪರಿಚಯ ಮಾಡಿಸೋದು:
ಸುಡೊ ಮೋಕ್‌ಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಶಿಮ್-ಸೈನ್ಡ್/ಮೋಕ್/ಮೋಕ್.ಡಿಇಆರ್
ಕೊನೇ ಫೈಲ್ ಹೆಸರಲ್ಲಿ 'ಮೋಕ್' ದೊಡ್ಡಕ್ಷರ, ಡಿಇಆರ್ ಸಣ್ಣಕ್ಷರ. ಅದಕ್ಕೆ ಮುಂಚಿನ ಫೋಲ್ಡರ್ 'ಮೋಕ್' ಸಣ್ಣಕ್ಷರ. ಎಲ್ಲರೂ ಎಡವೋದು ಇಲ್ಲೇ. ಪಾಸ್‌ವರ್ಡ್ ಕೇಳುತ್ತೆ. ಲಾಗಿನ್ ಪಾಸ್‌ವರ್ಡ್ ಅಲ್ಲ ಅದು, ಒಂದೇ ಸಲ ಬಳಸೋಕೆ ಹೊಸದೊಂದು ಕೊಡಿ, ಎಂಟು ಅಕ್ಷರ ಸಾಕು.

ರೀಬೂಟ್ ಆದಾಗ ನೀಲಿ ಪರದೆ ಬರುತ್ತೆ, ಹತ್ತು ಸೆಕೆಂಡ್ ಎಣಿಸಿ ಮುಂದೆ ಹೋಗಿಬಿಡುತ್ತೆ. ಅಷ್ಟರೊಳಗೆ ಯಾವುದಾದ್ರೂ ಕೀ ಒತ್ತಿ, 'ಎನ್ರೋಲ್ ಮೋಕ್', 'ಕಂಟಿನ್ಯೂ', 'ಯೆಸ್', ಪಾಸ್‌ವರ್ಡ್, ರೀಬೂಟ್. ತಪ್ಪಿಹೋದ್ರೆ ಇಂಪೋರ್ಟ್ ಆದೇಶದಿಂದ ಮತ್ತೆ ಶುರು. ಕೀಬೋರ್ಡನ್ನ ಹಿಂದಿನ ಯುಎಸ್‌ಬಿ ಪೋರ್ಟಿಗೆ ನೇರ ಚುಚ್ಚಿ, ಹಬ್ ಮೂಲಕ ಇದ್ರೆ ಆ ಹಂತದಲ್ಲಿ ಕೆಲವು ಬೋರ್ಡ್ ಗುರುತಿಸಲ್ಲ.

ಆ ಡಿಇಆರ್ ಫೈಲೇ ಇಲ್ಲ ಅಂದ್ರೆ 'ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ನ್ಯೂ-ಕೀ' ಕೊಟ್ಟು ಹುಟ್ಟಿಸಿ. ಹಾಗೆ ಮಾಡಿದ್ರೆ ಹಳೇ ಮಾಡ್ಯೂಲ್ ಮೇಲೆ ಹೊಸ ಸಹಿ ಇರಲ್ಲ, ಡಿಕೆಎಂಎಸ್‌ನಿಂದ ತೆಗೆದು ಮತ್ತೆ ಕಟ್ಟಬೇಕು.

ತಿಪಟೂರು_ಟಕ್ಸ್ · 12:15
ಮೋಕ್ ದಾರಿ ಒಪ್ಪಿದೆ. ಸೆಲ್ ಮಾತ್ರ ಇವತ್ತೇ ಬದಲಾಯಿಸಿ. ಗಡಿಯಾರ ಹಿಂದಿದ್ದಾಗ ಆಪ್ಟ್ ಓಡಿಸಿದ್ರೆ 'ರಿಲೀಸ್ ಫೈಲ್ ಇನ್ನೂ ಮಾನ್ಯವಾಗಿಲ್ಲ' ಅಂತ ಬೇರೆ ತಲೆನೋವು.

ಶಿಡ್ಲಘಟ್ಟ_ಗೂಡು · 12:20
ಇದೇ ಥ್ರೆಡ್ಡಲ್ಲಿ ಕೇಳ್ತೀನಿ, ನಿರ್ವಾಹಕರು ಬೈಬೇಡಿ. ಐ5 8ನೇ ಪೀಳಿಗೆ ಲ್ಯಾಪ್‌ಟಾಪ್, ಎನ್ವಿಡಿಯಾ ಎಂಎಕ್ಸ್130 ಗ್ರಾಫಿಕ್ಸ್. ಎನ್ವಿಡಿಯಾಗೆ ಬದಲಾಯಿಸಿದ್ರೂ ಎಂಪಿವಿ ವಿಡಿಯೊ ಪ್ಲೇಯರಲ್ಲಿ ಹಾರ್ಡ್‌ವೇರ್ ಡಿಕೋಡ್ ಬರ್ತಿಲ್ಲ.

ಗೌರಿಬಿದನೂರು_ಗ್ನೂ · 12:26
ಬರಲ್ಲ. ಎಂಎಕ್ಸ್130 ಒಳಗಿರೋ ಜಿಎಂ108 ಚಿಪ್‌ಗೆ ವಿಡಿಯೊ ಡಿಕೋಡ್ ಎಂಜಿನ್ನೇ ಇಟ್ಟಿಲ್ಲ. ಡ್ರೈವರ್ ಎಷ್ಟು ಬದಲಾಯಿಸಿದ್ರೂ ಇಲ್ಲದ ಕಬ್ಬಿಣ ಹುಟ್ಟಲ್ಲ. ನಿಮ್ಮ ಇಂಟೆಲ್ ಯುಎಚ್‌ಡಿ 620 ಎಚ್264, 10 ಬಿಟ್ ಎಚ್265, ವಿಪಿ9 ಅನ್ನೋ ವಿಡಿಯೊ ಕೋಡೆಕ್ ಎಲ್ಲಾ ಬಿಡಿಸುತ್ತೆ. 'ಸುಡೊ ಪ್ರೈಮ್-ಸೆಲೆಕ್ಟ್ ಆನ್-ಡಿಮಾಂಡ್' ಕೊಟ್ಟು ರೀಬೂಟ್ ಮಾಡಿ. ಇಂಟೆಲ್-ಮೀಡಿಯಾ-ವಿಎ-ಡ್ರೈವರ್ ಹಾಕಿ 'ವಿಎಇನ್ಫೊ' ಓಡಿಸಿ, ಐಎಚ್‌ಡಿ ಡ್ರೈವರ್ ಹೆಸರೂ ವಿಪಿ9 ಸಾಲುಗಳೂ ಕಂಡ್ರೆ ಸರಿ. ಎಂಪಿವಿಗೆ '--ಎಚ್‌ಡಬ್ಲ್ಯುಡೆಕ್=ಆಟೋ-ಸೇಫ್', ಓಡುವಾಗ ಐ ಕೀ ಒತ್ತಿದ್ರೆ ಯಾವ ಡಿಕೋಡರ್ ಅಂತ ಅಲ್ಲೇ ತೋರಿಸುತ್ತೆ. ಬ್ಲೆಂಡರ್ ಥರದ್ದಕ್ಕೆ ಮಾತ್ರ ಎಂಎಕ್ಸ್130 ಎಬ್ಬಿಸಿ, 'ಪ್ರೈಮ್-ರನ್ ಬ್ಲೆಂಡರ್'.

ಶಿಡ್ಲಘಟ್ಟ_ಗೂಡು · 12:49
ಐಎಚ್‌ಡಿ ಬಂತು. ಸಿಪಿಯು 70ರಿಂದ 9ಕ್ಕೆ. ಫ್ಯಾನ್ ಕೂಡ ಸುಮ್ಮನಾಯ್ತು.

ಮಾಲೂರು_ಹೆಂಚು · 12:55
ಎಎಂಡಿ ಇರೋರಿಗೆ ಈ ಗೋಳೇ ಇಲ್ಲ ಅಂತಾರಲ್ಲ? ಫೆಡೋರಾ, ರೈಜನ್ 3200ಜಿ. ಇಲ್ಲೂ ಯೂಟ್ಯೂಬ್ ಸಿಪಿಯು ತಿನ್ನುತ್ತೆ.

ತಿಪಟೂರು_ಟಕ್ಸ್ · 13:02
ಡ್ರೈವರ್ ಗೋಳಿಲ್ಲ, ಪೇಟೆಂಟ್ ಗೋಳಿದೆ. 2022ರಲ್ಲಿ ಫೆಡೋರಾ 37ರಿಂದ ಅವರ ಮೆಸಾದಲ್ಲಿ (ಓಪನ್ ಸೋರ್ಸ್ ಗ್ರಾಫಿಕ್ಸ್ ಲೈಬ್ರರಿ) ಎಚ್264, ಎಚ್265 ಡಿಕೋಡ್ ತೆಗೆದಿದ್ದಾರೆ. ಆರ್‌ಪಿಎಂ ಫ್ಯೂಷನ್ ರೆಪೊ ಸೇರಿಸಿ, ಆಮೇಲೆ:
ಸುಡೊ ಡಿಎನ್‌ಎಫ್ ಸ್ವಾಪ್ ಮೆಸಾ-ವಿಎ-ಡ್ರೈವರ್ಸ್ ಮೆಸಾ-ವಿಎ-ಡ್ರೈವರ್ಸ್-ಫ್ರೀವರ್ಲ್ಡ್
ವಿಎಇನ್ಫೊದಲ್ಲಿ ಎಚ್264 ಸಾಲುಗಳು ಕಾಣಬೇಕು. ಉಬುಂಟು, ಮಿಂಟ್‌ನಲ್ಲಿ ಈ ಕಾಟ ಇಲ್ಲ.

ಗುಬ್ಬಿಗೇಟ್_ಗ್ರಬ್ · 14:20
ಸೆಲ್ 1.9 ವೋಲ್ಟ್ ತೋರಿಸ್ತು. ಬದಲಾಯಿಸಿದೆ. ಮೋಕ್ ಎನ್ರೋಲ್ ಆಯ್ತು. ಮೊದಲ ಸಲ ಹತ್ತು ಸೆಕೆಂಡ್ ತಪ್ಪಿಸ್ಕೊಂಡೆ, ಎರಡನೇ ಸಲ ಸಿಕ್ತು.
ಈಗ 6.8, ಎನ್ವಿಡಿಯಾ-ಎಸ್‌ಎಂಐ 470.256.02 ತೋರಿಸುತ್ತೆ, ಜಿಎಲ್‌ಎಕ್ಸ್‌ಇನ್ಫೊದಲ್ಲಿ ರೆಂಡರರ್ ಜಿಟಿ 710. ಪರದೆ 1920x1080ಕ್ಕೆ ಬಂತು. ಸಿನಮನ್ ಎಚ್ಚರಿಕೆ ಹೋಯ್ತು. ಎಲ್ಲರಿಗೂ ಧನ್ಯವಾದ.
ಆದ್ರೆ... ಯೂಟ್ಯೂಬ್ 1080ಪಿ ಈಗಲೂ ಸಿಪಿಯು 55-60. ಕೆಡೆನ್‌ಲೈವ್‌ನಲ್ಲಿ ಫೋನಿಂದ ತೆಗೆದ 4ಕೆ ಕ್ಲಿಪ್ ಎಳೆದ್ರೆ ಸ್ಲೈಡ್ ಶೋ. ಎರಡನೇ ಮಾನಿಟರ್ ಮಾತ್ರ ಇನ್ನೂ 1024x768.

ಕೋಲಾರದ_ಕರ್ನಲ್ · 14:33
ಎರಡನೇ ಮಾನಿಟರ್‌ಗೆ ಎಚ್‌ಡಿಎಂಐನಿಂದ ವಿಜಿಎಗೆ ಕನ್ವರ್ಟರ್ ಹಾಕಿದೀರಾ?

ಗುಬ್ಬಿಗೇಟ್_ಗ್ರಬ್ · 14:35
ಹೌದು, ಸಣ್ಣ ಡಾಂಗಲ್.

ಕೋಲಾರದ_ಕರ್ನಲ್ · 14:47
ಅದು ಡ್ರೈವರ್ ತಪ್ಪಲ್ಲ. ಅಗ್ಗದ ಡಾಂಗಲ್‌ಗಳು ಮಾನಿಟರಿನ ಇಡಿಐಡಿ (ತನ್ನ ರೆಸಲ್ಯೂಷನ್ ಹೇಳೋ ಮಾಹಿತಿ) ದಾಟಿಸಲ್ಲ, ಕಾರ್ಡಿಗೆ ಆ ಕಡೆ ಏನಿದೆ ಅಂತಲೇ ಗೊತ್ತಿರಲ್ಲ. ಜಿಟಿ 710ರ ಬಹಳಷ್ಟು ಕಾರ್ಡ್‌ಗಳಲ್ಲಿ ವಿಜಿಎ ಪೋರ್ಟೇ ಇರುತ್ತೆ, ಹಿಂದೆ ನೋಡಿ, ಇದ್ರೆ ಡಾಂಗಲ್ ಬಿಸಾಕಿ. ಇಲ್ದಿದ್ರೆ ಡಾಂಗಲ್ ಬದಲಾಯಿಸಿ. ಎಕ್ಸ್‌ರ‍್ಯಾಂಡರ್‌ನಲ್ಲಿ ಮೋಡ್ ಕೈಯಾರೆ ಸೇರಿಸೋ ಸಲಹೆ ಇಂಟರ್‌ನೆಟ್ ತುಂಬಾ ಇದೆ, ಎನ್ವಿಡಿಯಾ ಡ್ರೈವರ್ ಅದನ್ನ ಒಪ್ಪಲ್ಲ, ಸಮಯ ದಂಡ.

ಗೌರಿಬಿದನೂರು_ಗ್ನೂ · 14:58
ಯೂಟ್ಯೂಬ್ ವಿಷಯಕ್ಕೆ ಬರೋಣ. ಡ್ರೈವರ್ ಈಗ ಸರಿ ಇದೆ, ಕಾರ್ಡಿಗೇ ಆ ಭಾಷೆ ಬರಲ್ಲ. ಜಿಟಿ 710 ಎಚ್264 ಬಿಡಿಸುತ್ತೆ. ಎಚ್265 ಇಲ್ಲ, ವಿಪಿ9 ಇಲ್ಲ, ಎವಿ1 ಅಂತೂ ಇಲ್ಲವೇ ಇಲ್ಲ. ಯೂಟ್ಯೂಬ್ ಕಳಿಸೋದು ವಿಪಿ9 ಅಥವಾ ಎವಿ1. ಸಿಪಿಯುನೇ ಬಿಡಿಸಬೇಕು.
ಫೈರ್‌ಫಾಕ್ಸ್‌ಗೆ ಎಚ್264ಇಫೈ ಅನ್ನೋ ಆಡ್-ಆನ್ ಹಾಕಿ, ಯೂಟ್ಯೂಬ್‌ನಿಂದ ಎಚ್264 ಕೇಳಿ ಪಡೆಯುತ್ತೆ. ಅದು 1080ಪಿಗೆ ನಿಲ್ಲುತ್ತೆ, ನಿಮ್ಮ ಮಾನಿಟರ್‌ಗೆ ಅಷ್ಟೇ ಸಾಕು.

ಶಿರಾ_ಸುಡೊ · 15:03
ಹಾಗಾದ್ರೆ ಎಚ್264 ಬಂದಾಗ ಫೈರ್‌ಫಾಕ್ಸ್ ಜಿಟಿ 710ರಲ್ಲಿ ಬಿಡಿಸುತ್ತೆ ಅಂತಾಯ್ತು.

ಗೌರಿಬಿದನೂರು_ಗ್ನೂ · 15:10
ಇಲ್ಲ ಸ್ವಾಮಿ. ಫೈರ್‌ಫಾಕ್ಸ್ ಕೇಳೋದು ವಿಎ-ಎಪಿಐ ಅನ್ನೋ ಡಿಕೋಡ್ ದಾರಿ. ಎನ್ವಿಡಿಯಾ ಡ್ರೈವರ್ ಕೊಡೋದು ಎನ್‌ವಿಡೆಕ್, ವಿಡಿಪಿಎಯು. ಮಧ್ಯೆ ದುಭಾಷಿ ಥರ ಎನ್ವಿಡಿಯಾ-ವಿಎಎಪಿಐ-ಡ್ರೈವರ್ ಅನ್ನೋದು ಬೇಕು, ಹಳೇ 470 ಜೊತೆ ಅದನ್ನ ಹೊಂದಿಸೋ ಕಷ್ಟಕ್ಕೆ ಬೆಲೆ ಇಲ್ಲ. ಎಚ್264 1080ಪಿ ಬಿಡಿಸೋದು 4 ಕೋರ್ 8 ಥ್ರೆಡ್ ಸಿಪಿಯುಗೆ ಹಗುರದ ಕೆಲಸ. ಕಾರ್ಡ್‌ನಲ್ಲೇ ಬೇಕು ಅಂದ್ರೆ ಎಂಪಿವಿಯಲ್ಲಿ '--ಎಚ್‌ಡಬ್ಲ್ಯುಡೆಕ್=ಎನ್‌ವಿಡೆಕ್'.
ಫೈರ್‌ಫಾಕ್ಸ್ ನಿಜವಾಗಿ ಏನ್ಮಾಡ್ತಿದೆ ನೋಡೋಕೆ ಅಬೌಟ್:ಸಪೋರ್ಟ್ ಪುಟ. 'ಕಂಪೋಸಿಟಿಂಗ್' ಎದುರು ಬರೀ 'ವೆಬ್‌ರೆಂಡರ್' ಇರಬೇಕು, ಪಕ್ಕದಲ್ಲಿ 'ಸಾಫ್ಟ್‌ವೇರ್' ಅಂತಿದ್ರೆ ಮತ್ತೆ ಮೊದಲ ಪೋಸ್ಟಿಗೆ ಹೋಗಿ. ಕೆಳಗೆ ಮೀಡಿಯಾ ಭಾಗದಲ್ಲಿ ಯಾವ ಕೋಡೆಕ್‌ಗೆ ಹಾರ್ಡ್‌ವೇರ್ ಇದೆ ಅಂತ ಪಟ್ಟಿ ಇದೆ.

ತಿಪಟೂರು_ಟಕ್ಸ್ · 15:24
ಕೆಡೆನ್‌ಲೈವ್‌ಗೆ: ಫೋನಿನ ಕ್ಲಿಪ್ ಎಚ್265 ಇರುತ್ತೆ. ಟೈಂಲೈನ್‌ನಲ್ಲಿ ಹಿಂದೆ ಮುಂದೆ ಎಳೆದಾಗ ಪ್ರತಿ ಸಲ ಹಿಂದಿನ ಕೀಫ್ರೇಮ್‌ನಿಂದ ಬಿಡಿಸ್ಕೊಂಡು ಬರಬೇಕು, ಸಿಪಿಯು ಉಸಿರುಗಟ್ಟುತ್ತೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಕ್ಲಿಪ್ಸ್ (ಎಡಿಟ್‌ಗೆ ಮಾತ್ರ ಬಳಸೋ ಸಣ್ಣ ಪ್ರತಿ) ಆನ್ ಮಾಡಿ, ಅಗಲ 960 ಅಥವಾ 1280 ಸಾಕು. ಕಡೇ ರೆಂಡರ್ ಮೂಲ ಫೈಲಿಂದಲೇ ಆಗುತ್ತೆ, ಗುಣಮಟ್ಟ ಹೋಗಲ್ಲ. ಶೂಟ್ ಮಾಡೋರಿಗೂ ಹೇಳಿ, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್264 ಆರಿಸ್ಲಿ, ಫೈಲ್ ದಪ್ಪ ಆಗುತ್ತೆ, ಎಡಿಟ್ ಹಗುರ. ಸೆಟ್ಟಿಂಗ್ಸ್‌ನಲ್ಲಿ 'ಮೂವಿಟ್ ಜಿಪಿಯು' ಅಂತ ಕಂಡ್ರೆ ಮುಟ್ಟಬೇಡಿ, ಪ್ರಯೋಗದ್ದು, ಬೀಳುತ್ತೆ.
ಕೆಡೆನ್‌ಲೈವ್ ಫ್ಲ್ಯಾಟ್‌ಪ್ಯಾಕ್‌ದಾ (ತನ್ನ ಲೈಬ್ರರಿಗಳ ಜೊತೆ ಬೇರೆಯಾಗಿ ಬರೋ ಪ್ಯಾಕೇಜ್)?

ಗುಬ್ಬಿಗೇಟ್_ಗ್ರಬ್ · 15:26
ಫ್ಲ್ಯಾಟ್‌ಪ್ಯಾಕ್.

ತಿಪಟೂರು_ಟಕ್ಸ್ · 15:31
ಹಾಗಿದ್ರೆ ಇನ್ನೊಂದು ಗುಂಡಿ. ಫ್ಲ್ಯಾಟ್‌ಪ್ಯಾಕ್ ಒಳಗಿನ ಆಪ್‌ಗೆ ಹೊರಗಿನ ಎನ್ವಿಡಿಯಾ ಲೈಬ್ರರಿ ಕಾಣಲ್ಲ, ತನ್ನದೇ ಪ್ರತಿ ಬೇಕು, ಅದೂ ಅಂಕಿ ಅಂಕಿ ಹೊಂದಬೇಕು. 'ಫ್ಲ್ಯಾಟ್‌ಪ್ಯಾಕ್ ಲಿಸ್ಟ್ --ರನ್‌ಟೈಮ್' ಕೊಟ್ಟು ಎನ್ವಿಡಿಯಾ-470-256-02 ಅಂತ ಇದೆಯಾ ನೋಡಿ. ಇಲ್ದಿದ್ರೆ 'ಫ್ಲ್ಯಾಟ್‌ಪ್ಯಾಕ್ ಅಪ್‌ಡೇಟ್'. ಡ್ರೈವರ್ ಸತ್ತಿದ್ದಾಗ ಅಪ್‌ಡೇಟ್ ಮಾಡಿದ್ರೆ ಅದು ಬಂದಿರಲ್ಲ.

ಗುಬ್ಬಿಗೇಟ್_ಗ್ರಬ್ · 15:58
ಅದೂ ಇರಲಿಲ್ಲ! ಈಗ ಬಂತು. ಪ್ರಾಕ್ಸಿ ಹಾಕಿದ ಮೇಲೆ ಟೈಂಲೈನ್ ನೀರಿನ ಥರ ಓಡ್ತಾ ಇದೆ. ಎಚ್264ಇಫೈ ಹಾಕಿ ಯೂಟ್ಯೂಬ್ 18ಕ್ಕೆ ಇಳೀತು.
ಕಾರ್ಡ್ ಬದಲಾಯಿಸೋದಾದ್ರೆ ಏನು ತಗೊಳ್ಳಿ? ಅಂಗಡಿಯವರು ಜಿಟಿ 730 ಅಂತಿದ್ದಾರೆ.

ಗೌರಿಬಿದನೂರು_ಗ್ನೂ · 16:04
ಜಿಟಿ 730 ಬೇಡವೇ ಬೇಡ. ಅದೇ ಕೆಪ್ಲರ್, ಗುರುತು 1287 ಆಗಿದ್ರೆ. 0ಎಫ್02 ಆಗಿದ್ರೆ ಇನ್ನೂ ಹಳೇ ಫರ್ಮಿ, 390 ಶಾಖೆ, ಅದು 2022ಕ್ಕೇ ಮುಗೀತು. ಡಬ್ಬದ ಮೇಲೆ ಎರಡಕ್ಕೂ ಒಂದೇ ಹೆಸರು.

ಕೋಲಾರದ_ಕರ್ನಲ್ · 16:12
ಕಾರ್ಡೇ ಬೇಡ. ಸೆಕೆಂಡ್ ಹ್ಯಾಂಡ್ ಐ3-10100 ಹುಡುಕಿ, ಎಫ್ ಇಲ್ಲದ್ದು. ಅದೇ ಸಾಕೆಟ್, ಅದೇ ಬೋರ್ಡ್. ಒಳಗಿನ ಯುಎಚ್‌ಡಿ 630 ಎಚ್264, ಎಚ್265 10 ಬಿಟ್, ವಿಪಿ9 ಬಿಡಿಸುತ್ತೆ, ಎನ್‌ಕೋಡ್ ಕೂಡ ಮಾಡುತ್ತೆ. ಡ್ರೈವರ್ ಕರ್ನಲ್ ಒಳಗೇ ಇದೆ. ಡಿಕೆಎಂಎಸ್ ಇಲ್ಲ, ಮೋಕ್ ಇಲ್ಲ. ಹಾಕಿದ ಮೇಲೆ ಮಾನಿಟರ್ ಕೇಬಲ್ ಬೋರ್ಡಿನ ಪೋರ್ಟಿಗೆ ಚುಚ್ಚೋದು ಮರೀಬೇಡಿ.

ಶಿರಾ_ಸುಡೊ · 16:15
ಜಿಟಿ 1030 ಹಾಕಿದ್ರೆ ಆಯ್ತಪ್ಪ. 30 ವ್ಯಾಟ್, ಎಚ್265, ವಿಪಿ9 ಎರಡೂ ಇದೆ. ಈ ಸಲ ತಪ್ಪು ಹೇಳಿಲ್ಲ ತಾನೆ?

ತಿಪಟೂರು_ಟಕ್ಸ್ · 16:23
ತಪ್ಪಿಲ್ಲ, ಅರ್ಧ ಇದೆ. ಅದು ಬಿಡಿಸುತ್ತೆ, ಎನ್‌ಕೋಡ್ ಮಾಡಲ್ಲ, ಎನ್‌ವೆಂಕ್ ಅನ್ನೋ ಎನ್‌ಕೋಡ್ ಎಂಜಿನ್ ಇಟ್ಟಿಲ್ಲ. ಒಂದೇ ಹೆಸರಲ್ಲಿ ಎರಡು ಮಾಲು ಬೇರೆ: ಜಿಡಿಡಿಆರ್5 ಮೆಮೊರಿ ಇರೋದು ಸೆಕೆಂಡಿಗೆ 48 ಜಿಬಿ ಸಾಗಿಸುತ್ತೆ, ಡಿಡಿಆರ್4 ಇರೋದು 16.8. ಡ್ರೈವರ್ ಕಥೆಯೂ ಅದೇ ದಿಕ್ಕಿಗೆ, ಪ್ಯಾಸ್ಕಲ್ ಪೀಳಿಗೆಗೆ 580 ಕೊನೇ ಶಾಖೆ. ಇನ್ನೊಂದು ಜಿಟಿ 710 ಸಾಕಿದಂಗೆ.
ಕಾರ್ಡೇ ಬೇಕು ಅಂದ್ರೆ ಇಂಟೆಲ್ ಆರ್ಕ್ ಎ380. ಎವಿ1 ಬಿಡಿಸೋದು, ಕಟ್ಟೋದು ಎರಡೂ ಬರುತ್ತೆ. ಬಯಾಸ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿ ಸಿಪಿಯುಗೆ ಒಟ್ಟಿಗೆ ಕಾಣೋ ಸೌಲಭ್ಯ) ಆನ್ ಇರಲೇಬೇಕು, ಕರ್ನಲ್ 6.2ರ ಮೇಲಿರಬೇಕು, 6.8 ಸಾಕು. ಬಹಳಷ್ಟು ಮಾದರಿಗೆ 8 ಪಿನ್ ಪವರ್ ಬೇಕು, ಎಸ್‌ಎಂಪಿಎಸ್‌ನಲ್ಲಿ ಆ ವೈರ್ ಇದೆಯಾ ಮೊದಲು ನೋಡಿ. ಆರ್‌ಎಕ್ಸ್ 6400 ತೋರಿಸಿದ್ರೆ ಬೇಡ ಅನ್ನಿ, ಎನ್‌ಕೋಡರ್ ಇಲ್ಲ, ಎವಿ1 ಇಲ್ಲ, ಬೋರ್ಡಿಗೆ ಜೋಡಿಸೋ ಪಿಸಿಐ-ಇ ಲೇನ್ ನಾಲ್ಕೇ.

ತಟ್ಟೆಇಡ್ಲಿ_ಟರ್ಮಿನಲ್ · 16:30
ಏನೇ ತಗೊಳ್ಳಿ, ಮೊದಲು ಯುಪಿಎಸ್ ಬ್ಯಾಟರಿ. ಇಲ್ಲಿ ರೋಗ ಶುರುವಾಗಿದ್ದೇ ಅಲ್ಲಿಂದ. 12 ವೋಲ್ಟ್ 7 ಎಎಚ್, ಬಿಚ್ಚಿದ್ರೆ ಎರಡು ಸ್ಪೇಡ್ ಕನೆಕ್ಟರ್, ಕೆಂಪು ಕಪ್ಪು ಅದಲು ಬದಲು ಆಗಬಾರದು. 6.14 ತೆಗೆಯೋದು ಅಪ್‌ಡೇಟ್ ಮ್ಯಾನೇಜರ್, ವ್ಯೂ, ಲಿನಕ್ಸ್ ಕರ್ನಲ್ಸ್. 6.8ರಲ್ಲಿ ಕೂತು ತೆಗೀರಿ. ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ತಿಂದು ಬರೋದ್ರೊಳಗೆ ಆಗಿರುತ್ತೆ.

ಶಿಡ್ಲಘಟ್ಟ_ಗೂಡು · 16:34
ಬೆಣ್ಣೆ ಹಾಕ್ಸಿ.

ಗುಬ್ಬಿಗೇಟ್_ಗ್ರಬ್ · 17:10
6.14 ತೆಗೆದೆ. ಕಾರ್ಡಿನ ಹಿಂದೆ ವಿಜಿಎ ಪೋರ್ಟ್ ಇತ್ತು, ಧೂಳಿನ ಮುಚ್ಚಳದ ಕೆಳಗೆ. ಎರಡನೇ ಮಾನಿಟರೂ 1080ಪಿ. ಐ3-10100 ಹುಡುಕೋಕೆ ಹೇಳಿದೀನಿ. ಒಂದೇ ಅನುಮಾನ: ಎನ್ವಿಡಿಯಾ ಕಿತ್ತು ಇಂಟೆಲ್‌ಗೆ ಹೋಗುವಾಗ 470 ಮೊದಲೇ ತೆಗೀಬೇಕಾ, ಆಮೇಲಾ?

ಕೋಲಾರದ_ಕರ್ನಲ್ · 17:18
ಮೊದಲೇ. 'ಸುಡೊ ಆಪ್ಟ್ ಪರ್ಜ್', ಹೆಸರಲ್ಲಿ ಎನ್ವಿಡಿಯಾ ಇರೋದೆಲ್ಲ. ಆಮೇಲೆ /ಇಟಿಸಿ/ಎಕ್ಸ್11 (ಈ ಎಕ್ಸ್ ದೊಡ್ಡಕ್ಷರ) ಒಳಗೆ ಎಕ್ಸ್‌ಆರ್ಗ್.ಕಾನ್ಫ್ ಫೈಲ್ ಇದ್ರೆ ಅಳಿಸಿ, ಅದು ಉಳಿದ್ರೆ ಪರದೆ ನಡೆಸೋ ಎಕ್ಸ್ ಸರ್ವರ್, ಅಲ್ಲಿಲ್ಲದ ಎನ್ವಿಡಿಯಾನೇ ಹುಡುಕುತ್ತೆ, ಕಪ್ಪು ಪರದೆ. 'ಸುಡೊ ಅಪ್‌ಡೇಟ್-ಇನಿಟ್‌ರ‍್ಯಾಂಎಫ್‌ಎಸ್ -ಯು', ಶಟ್‌ಡೌನ್, ಆಮೇಲೆ ಸ್ಕ್ರೂಡ್ರೈವರ್.

ಮಾಲೂರು_ಹೆಂಚು · 17:21
ಆ ಯು ಮುಂದೆ ಹೈಫನ್ ಒಂದಾ ಎರಡಾ?

ನಿರ್ವಾಹಕ · 17:22
ಒಂದು.